ಮರದ ದೋಣಿಯಲ್ಲಿ ಪ್ರೊಪೆಲ್ಲರ್ ಶಾಫ್ಟ್ (ದೋಣಿಯನ್ನು ತಳ್ಳುವ ರೆಕ್ಕೆಚಕ್ರವನ್ನು ತಿರುಗಿಸುವ ದಂಡ) ಹಾಯುವ ತೂತಿನಿಂದ ನೀರು ಒಳಗೆ ಬರುವುದಿಲ್ಲವೇ?

ಬರುತ್ತದೆ, ಆದರೆ ಹನಿಹನಿಯಾಗಿ ಮಾತ್ರ. ಆ ಹನಿಯನ್ನೂ ಬೇಕೆಂದೇ ಬಿಟ್ಟಿರುತ್ತಾರೆ.

ಎಂಜಿನ್ನಿನಿಂದ ಹೊರಟ ಶಾಫ್ಟ್, ಹಿಂಬದಿಯ ದಪ್ಪ ಮರದಲ್ಲಿ ಕೂರಿಸಿದ ಲೋಹದ ಕೊಳವೆಯ ಮೂಲಕ ಹೊರಗೆ ಹೋಗುತ್ತದೆ. ಕೊಳವೆಯ ಒಳತುದಿಯಲ್ಲಿರುವ ಪುಟ್ಟ ಡಬ್ಬಿಯೇ ಸ್ಟಫಿಂಗ್ ಬಾಕ್ಸ್. ಅದರೊಳಗೆ ಶಾಫ್ಟಿನ ಸುತ್ತ ಗ್ರೀಸ್ ಕುಡಿಸಿದ ಹತ್ತಿಯ ಅಥವಾ ಅಗಸೆನಾರಿನ ಹುರಿಯನ್ನು ಬಳೆಗಳಂತೆ ಕತ್ತರಿಸಿ ತುಂಬುತ್ತಾರೆ. ಡಬ್ಬಿಯ ನಟ್ಟು ಬಿಗಿದಂತೆ ಹುರಿ ಒತ್ತಿಹೋಗಿ ಅಡ್ಡಕ್ಕೆ ಉಬ್ಬಿ, ಶಾಫ್ಟನ್ನು ತಬ್ಬಿಕೊಳ್ಳುತ್ತದೆ. ಹಳೆಯ ಹಿತ್ತಾಳೆ ನಲ್ಲಿ ಸೋರಿದಾಗ ತಿರುಪಿನ ಸುತ್ತ ದಾರ ಸುತ್ತುವುದೂ ಇದೇ ಉಪಾಯ. ಇಲ್ಲಿ ಮಾತ್ರ ಹುರಿಯನ್ನು ಒಂದೇ ಎಳೆಯಾಗಿ ಸುತ್ತಬಾರದು. ಸುರುಳಿಯ ಸಂದು ನೀರಿಗೆ ಮೆಟ್ಟಿಲಾಗುತ್ತದೆ. ಬಿಡಿ ಬಳೆಗಳನ್ನು ಹಾಕಿ, ಒಂದರ ಜೋಡಣೆ ಇನ್ನೊಂದರ ನೇರಕ್ಕೆ ಬಾರದಂತೆ ಕೂರಿಸಬೇಕು.

ಪೂರ್ತಿ ಬಿಗಿದುಬಿಟ್ಟರೆ? ಹೊಸಬರು ಮಾಡುವ ತಪ್ಪೇ ಅದು. ತಿರುಗುವ ಶಾಫ್ಟಿನ ಉಜ್ಜಾಟಕ್ಕೆ ಹುರಿ ಕಾದು ಗಟ್ಟಿಯಾಗುತ್ತದೆ, ಶಾಫ್ಟಿನಲ್ಲಿ ಗೀರು ಬೀಳುತ್ತದೆ, ಆಮೇಲೆ ಸೋರಿಕೆ ನಿಲ್ಲಿಸುವುದೇ ಕಷ್ಟ. ನಿಮಿಷಕ್ಕೆ ಕೆಲವೇ ಹನಿಗಳಷ್ಟು ನೀರು ಹುರಿಯನ್ನು ತಣ್ಣಗೆ, ಜಾರುವಂತೆ ಇಡುತ್ತದೆ. ತಳದಲ್ಲಿ ಸೇರಿದ್ದನ್ನು ಪಂಪ್ ಎತ್ತಿ ಹಾಕುತ್ತದೆ. ಎಂಜಿನ್ ನಿಲ್ಲಿಸಿದ ಮೇಲೆ ಡಬ್ಬಿ ಮುಟ್ಟಿದರೆ ಉಗುರುಬೆಚ್ಚಗಿರಬಹುದು. ಕೈ ಸುಟ್ಟರೆ ನಟ್ಟನ್ನು ತುಸು ಸಡಿಲಿಸಿ.

ಮರದ ದೋಣಿಯಲ್ಲಿ ಇನ್ನೊಂದು ಕಳ್ಳದಾರಿಯಿದೆ: ಕೊಳವೆಗೂ ಮರಕ್ಕೂ ನಡುವಿನ ಸಂದು. ಅಲ್ಲಿನ ಮೇಣದಂಥ ಮೆತ್ತು ಒಣಗಿದ್ದರೆ, ಮರ ಕೊಳೆತಿದ್ದರೆ, ನಟ್ಟು ಎಷ್ಟು ಬಿಗಿದರೂ ನೀರು ನಿಲ್ಲುವುದಿಲ್ಲ. ದೋಣಿಯನ್ನು ದಡಕ್ಕೆ ಎಳೆಯಲೇಬೇಕು.