ಗಂಡಸಿನ ದೂರನ್ನು ಪೋಶ್ ಸಮಿತಿ ವಾಪಸ್ ಕೊಟ್ಟರೆ ಮುಂದೇನು?

ಬೆಳಗಾವಿ ಉದ್ಯಮಬಾಗದ ಫೌಂಡ್ರಿಯಲ್ಲಿ ಪಾಳಿ ಸೂಪರ್‌ವೈಸರ್ ಮೈಗೆ ಕೈಹಾಕುತ್ತಾನೆ, ರಾತ್ರಿ ವಾಟ್ಸಾಪಿಗೆ ಅಶ್ಲೀಲ ವಿಡಿಯೊ ಕಳಿಸುತ್ತಾನೆ, ಸಮಿತಿಯವರು ‘ನೀವು ಗಂಡಸರು’ ಎಂದು ಅರ್ಜಿ ತಿರುಗಿಸಿದರು, ಕೇಸ್ ಹಾಕಬಹುದೇ ಎಂದು ಕೇಳಿದ್ದೀರಿ.

ಹಾಕಬಹುದು, ಆದರೆ ಬೇರೆ ಬಾಗಿಲಿನಿಂದ. 2013ರ ಪೋಶ್ ಕಾಯ್ದೆಯಲ್ಲಿ (ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆ) ದೂರು ಕೊಡುವವರು ಮಹಿಳೆಯೇ ಆಗಿರಬೇಕು. ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) ಕಲಂ 75ರ ಲೈಂಗಿಕ ಕಿರುಕುಳವೂ ಮಹಿಳೆಯ ಮೇಲೆ ಆದದ್ದಕ್ಕೆ ಮಾತ್ರ. ಗಂಡಸಿನ ಮೇಲಿನ ಬಲವಂತದ ಸಂಭೋಗಕ್ಕೂ ಅನ್ವಯಿಸುತ್ತಿದ್ದ ಹಳೆಯ ಐಪಿಸಿ 377 ಇತ್ತಲ್ಲ, ಅದೂ 2024ರ ಜುಲೈ 1ರಿಂದ ಹೋಯಿತು. ಅದರ ಜಾಗಕ್ಕೆ ಏನನ್ನೂ ತರಲಿಲ್ಲ. ನನ್ನ ಮಟ್ಟಿಗೆ ಇದು ದೊಡ್ಡ ಲೋಪ. ಅಂತರ್ಜಾಲದಲ್ಲಿ ಸಿಗುವ ‘ಗಂಡಸರೂ ಗೆದ್ದ’ ತೀರ್ಪುಗಳು ಬಹಳಷ್ಟು ಅಮೆರಿಕದವು. ಅಲ್ಲಿನ ಸುಪ್ರೀಂ ಕೋರ್ಟ್ 1998ರಲ್ಲೇ, ಕಿರುಕುಳ ಕೊಟ್ಟವನೂ ಅನುಭವಿಸಿದವನೂ ಗಂಡಸರಾದರೂ ದಾವೆ ನಡೆಯುತ್ತದೆ ಎಂದಿದೆ. ನಮ್ಮ ಕೋರ್ಟಿನಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ.

ನಿಮ್ಮ ಕೈಯಲ್ಲಿರುವ ಗಟ್ಟಿ ವಸ್ತು ಆ ವಿಡಿಯೊ. ಲೈಂಗಿಕ ಕ್ರಿಯೆಯ ವಿಡಿಯೊ ಕಳಿಸುವುದು ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ ಕಲಂ 67ಎ ಅಡಿ ಅಪರಾಧ, ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು. ನೋಡಿದವರು ಗಂಡೋ ಹೆಣ್ಣೋ ಎಂಬ ಪ್ರಶ್ನೆಯೇ ಇಲ್ಲ. ಮೈಗೆ ಕೈಹಾಕಿದ್ದಕ್ಕೆ ಬಿಎನ್‌ಎಸ್ 133, ಅಂದರೆ ಅವಮಾನ ಮಾಡಬೇಕೆಂದೇ ಬಲಪ್ರಯೋಗ. ಇದಕ್ಕೆ 2 ವರ್ಷದವರೆಗೆ. ಎಡವುವುದು ಇಲ್ಲೇ: 133 ಒಂದನ್ನೇ ಹಿಡಿದು ಹೋದರೆ ಅದು ಅಸಂಜ್ಞೇಯ, ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ, ಠಾಣೆಯಲ್ಲಿ ಎನ್‌ಸಿ (ಅಸಂಜ್ಞೇಯ ದೂರಿನ) ಚೀಟಿ ಕೊಟ್ಟು ಮ್ಯಾಜಿಸ್ಟ್ರೇಟರ ಬಳಿ ಹೋಗಿ ಅನ್ನುತ್ತಾರೆ. 67ಎ ಸಂಜ್ಞೇಯ, ಅಂದರೆ ಪೊಲೀಸರೇ ನೇರವಾಗಿ ಎಫ್‌ಐಆರ್ ಮಾಡಬೇಕಾದದ್ದು. ಒಂದು ಸಂಜ್ಞೇಯ ಅಪರಾಧ ಜೊತೆಗಿದ್ದರೆ ಇಡೀ ಪ್ರಕರಣವೇ ಸಂಜ್ಞೇಯ. ಹಾಗಾಗಿ ಎರಡನ್ನೂ ಒಂದೇ ದೂರಿನಲ್ಲಿ ಬರೆಯಿರಿ, ವಿಡಿಯೊ ಮೊದಲು. ಎಫ್‌ಐಆರ್ ಮಾಡದಿದ್ದರೆ ಅದೇ ದೂರನ್ನು ಪೊಲೀಸ್ ಕಮಿಷನರ್‌ಗೆ ಅಂಚೆಯಲ್ಲಿ ಕಳಿಸಿ (ಬಾಗಲಕೋಟೆ, ವಿಜಯಪುರದವರು ಎಸ್‌ಪಿಗೆ). ಅಲ್ಲೂ ಆಗದಿದ್ದರೆ ಅಫಿಡವಿಟ್ ಸಮೇತ ಮ್ಯಾಜಿಸ್ಟ್ರೇಟ್ ಕೋರ್ಟಿಗೆ.

ಕಂಪನಿಗೂ ಹೊಸ ಅರ್ಜಿ ಕೊಡಿ. ಅದರಲ್ಲಿ ಪೋಶ್ ಹೆಸರು ಎತ್ತಬೇಡಿ, ಎತ್ತಿದರೆ ಮತ್ತೆ ವಾಪಸ್ ಬರುತ್ತದೆ. ‘ವಿಷಯ: ಕೆಲಸದ ಸ್ಥಳದಲ್ಲಿ ದುರ್ನಡತೆ, ಸ್ಟ್ಯಾಂಡಿಂಗ್ ಆರ್ಡರ್ (ಕಂಪನಿಯ ಸೇವಾ ನಿಯಮ) ಪ್ರಕಾರ ಶಿಸ್ತುಕ್ರಮ’ ಎಂದಿರಲಿ. ‘ಬಹಳ ತ್ರಾಸ ಕೊಡತಾರ’ ಎಂದು ಬರೆದರೆ ವಿಚಾರಣೆಯಲ್ಲಿ ಏನೂ ಉಳಿಯುವುದಿಲ್ಲ. ‘12ನೇ ತಾರೀಖು, ಎರಡನೇ ಪಾಳಿ, ಶೇಕ್‌ಔಟ್ ಹತ್ತಿರ ಹಿಂದಿನಿಂದ ಬಂದು ಸೊಂಟ ಹಿಡಿದರು, ಬಿಡ್ರಿ ಸರ ಅಂದೆ, ಇಬ್ಬರು ಮೋಲ್ಡರ್ ನೋಡಿದರು’ ಅನ್ನುವಷ್ಟು ಬಿಡಿಸಿ ಬರೆಯಿರಿ. ಆ ‘ಬಿಡ್ರಿ ಸರ’ ಬೇಕೇ ಬೇಕು. ಇಲ್ಲದಿದ್ದರೆ ‘ಏ, ಚ್ಯಾಷ್ಟಿ ಮಾಡಾಕತ್ತಿದ್ರು’ ಅಂತ ಸಾಕ್ಷಿಗಳೇ ತೇಲಿಸಿಬಿಡುತ್ತಾರೆ. ಎರಡು ಪ್ರತಿ ಒಯ್ದು ಒಂದರ ಮೇಲೆ ಇನ್‌ವರ್ಡ್ ಸೀಲ್ ಹಾಕಿಸಿಕೊಳ್ಳಿ. ಒಪ್ಪದಿದ್ದರೆ ಸ್ಪೀಡ್ ಪೋಸ್ಟ್. ರಾಜಿ ಮಾತಿನ ನಡುವೆ ‘ವೈಯಕ್ತಿಕ ಕಾರಣ’ ಎಂಬ ರಾಜೀನಾಮೆಗೆ ಮಾತ್ರ ಸಹಿ ಹಾಕಬೇಡಿ.

ಫೋನಿನ ವಿಷಯ. ಸ್ಕ್ರೀನ್‌ಶಾಟ್ ಇದೆಯೆಂದು ಚಾಟ್ ಅಳಿಸಬೇಡಿ, ಹ್ಯಾಂಡ್‌ಸೆಟ್ ಮಾರಬೇಡಿ, ಡಿಸ್‌ಅಪಿಯರಿಂಗ್ ಮೆಸೇಜ್ ಆನ್ ಆಗಿದ್ದರೆ ಇವತ್ತೇ ಆಫ್ ಮಾಡಿ. ಪ್ರಿಂಟ್ ಅಥವಾ ಪೆನ್‌ಡ್ರೈವ್ ಹಾಜರುಪಡಿಸುವಾಗ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು. ಅದರ ಎ ಭಾಗ ನೀವು ತುಂಬುವುದು, ಬಿ ಭಾಗ ತಜ್ಞರು, ಎರಡರಲ್ಲೂ ಹ್ಯಾಶ್ ಮೌಲ್ಯ (ಫೈಲ್ ತಿದ್ದಿಲ್ಲ ಎಂದು ತೋರಿಸುವ ಅಂಕಿ-ಅಕ್ಷರಗಳ ಗುರುತು) ಇರಬೇಕು. ಆ ವಿಡಿಯೊವನ್ನು ‘ಸಾಕ್ಷಿಗೆ ಇರಲಿ’ ಎಂದು ಗೆಳೆಯರಿಗೆ ಫಾರ್ವರ್ಡ್ ಮಾಡಿದರೆ ಅದೇ 67ಎ ನಿಮ್ಮ ಕೊರಳಿಗೂ ಬೀಳುತ್ತದೆ.