ಕಾರ್ಡ್ ಊರಲ್ಲಿ, ಹೊಟ್ಟೆ ಪೀಣ್ಯದಲ್ಲಿ

ಪ್ರಶ್ನೆ: ಸಾರ್, 2020ರ ಲಾಕ್‌ಡೌನಲ್ಲಿ ಫ್ರೀ ಅಕ್ಕಿ ಅಂತ ಟಿವಿಲಿ ದಿನಾ ಹೇಳೋರು, ನಾವು ಪೀಣ್ಯದಲ್ಲಿ ಬಾಡಿಗೆ ಮನೇಲಿದ್ವಿ, ಗಾರ್ಮೆಂಟ್ಸ್ ಬಂದ್, ನಮಗೆ ಒಂದ್ ಕಾಳೂ ಸಿಗ್ಲಿಲ್ಲ. ಯಾಕೆ?

ಉತ್ತರ: ನಿಮ್ಮ ಕಾರ್ಡ್ ಯಾದಗಿರಿಲಿ ಅಮ್ಮನ ಹತ್ರ ಇತ್ತು ಅಂತ ಪತ್ರದಲ್ಲೇ ಬರ್ದಿದೀರ, ಗಂಟು ಅಲ್ಲೇ ಇರೋದು. ಏಪ್ರಿಲ್‌ನಿಂದ ಕೇಂದ್ರ ಕೊಟ್ಟ ತಲೆಗೆ 5 ಕೆಜಿ ಧಾನ್ಯ ಬಿಪಿಎಲ್, ಅಂತ್ಯೋದಯ ಕಾರ್ಡಿಗೆ ಮಾತ್ರ, ಊರಲ್ಲಿ ಅಮ್ಮ ಎಲ್ಲರ ಪಾಲೂ ತಗೊಂಡಿದ್ರೆ ಇಲ್ಲಿ ಮತ್ತೆ ಕೊಡಲ್ಲ. ಬೇರೆ ಊರ ಕಾರ್ಡಿಗೂ ರೇಷನ್ ಕೊಡೋ ವ್ಯವಸ್ಥೆಗೆ ಕರ್ನಾಟಕ ಅದೇ ಜನವರಿಲೇ ಸೇರಿತ್ತು, ಆದ್ರೆ ಅದು ಎಷ್ಟ್ ಜನಕ್ಕೆ ಗೊತ್ತಿತ್ತು ಹೇಳಿ. ಕಾರ್ಡೇ ಇಲ್ಲದ ವಲಸಿಗರಿಗೆ ತಲೆಗೆ 5 ಕೆಜಿ, ಮನೆಗೆ 1 ಕೆಜಿ ಕಡ್ಲೆ ಅಂತ ಘೋಷಣೆ ಆಗಿದ್ದು ಮೇ ತಿಂಗಳ ಮಧ್ಯದಲ್ಲಿ, ಅಷ್ಟೊತ್ತಿಗೆ ಎಷ್ಟೋ ಜನ ನಡ್ಕೊಂಡೇ ಊರು ಸೇರಿದ್ರು.

ಇನ್ನೊಂದು, ಆಹಾರ ಭದ್ರತಾ ಕಾಯ್ದೆ ಪ್ರಕಾರ ದೇಶದ ಹಳ್ಳಿಗಳಲ್ಲಿ 75% ಜನದವರೆಗೆ ರೇಷನ್, ಸಿಟಿಲಿ 50%ವರೆಗೆ ಮಾತ್ರ, ಅದೂ 2011ರ ಜನಗಣತಿ ಲೆಕ್ಕ. ಸಿಟಿಲಿರೋರೆಲ್ಲ ಉಳ್ಳೋರು ಅನ್ಕೊಂಡಿದಾರೋ ಏನೋ! ಅಕ್ಕಿ ಸಿಕ್ಕಿದ್ರೂ ಗ್ಯಾಸು, ಎಣ್ಣೆ, ತರಕಾರಿಗೆ ದುಡ್ಡೆಲ್ಲಿತ್ತು.

ಈಗ ಒಂದ್ ಕೆಲಸ ಮಾಡಿ, ಹತ್ರದ ಸೊಸೈಟಿಗೆ ಕಾರ್ಡ್ ನಂಬರ್, ಆಧಾರ್ ತಗೊಂಡ್ಹೋಗಿ ವಿಚಾರಿಸಿ, ಅಮ್ಮಂಗೆ ಮೊದ್ಲೇ ಫೋನ್ ಮಾಡಿ ಯಾರ ಪಾಲು ಎಲ್ಲಿ ಅಂತ ಮಾತಾಡ್ಕೊಳಿ.