ಚುಕ್ಕೆ ಇಟ್ಟರೆ ಆಯ್ಕೆ ತಿಳಿಯದು

ಮಧುಗಿರಿಯ ಮಿತ್ರರೇ,

‘ಪೂರ್ವಿಕರು ಊರಿಗೆ ಜಾಗ ಆರಿಸಿದ ಬಗೆ’ ಲೇಖನವನ್ನು ಓದಿದೆ. ಈಗಿರುವಂತೆ ಅಚ್ಚಿಗೆ ಕೊಡಲಾರೆ. ಹಾಗೆಂದು ಕೈಬಿಡಲೂ ಮನಸ್ಸಿಲ್ಲ; ಅದಕ್ಕೆ ನಿಮ್ಮ ನಾಲ್ಕನೆಯ ಪುಟವೇ ಕಾರಣ. ಹುರುಳಿ ಹೊಲದ ಬದುವಿನಲ್ಲಿ ಒಳಮೈ ಕಪ್ಪು, ಹೊರಮೈ ಕೆಂಪಾದ ಮಡಕೆ ಚೂರು ಸಿಕ್ಕಿದ್ದು, ಕುರಿ ಮೇಯಿಸುತ್ತಿದ್ದ ಅಜ್ಜ ‘ಪಾಂಡವರದು, ಮುಟ್ಟಬೇಡಿ’ ಎಂದು ಗದರಿದ್ದು. ಲೇಖನ ಅಲ್ಲಿಂದಲೇ ಶುರುವಾಗಲಿ. ಭವ್ಯ ಪರಂಪರೆಯ ಮೊದಲೆರಡು ಪುಟಗಳನ್ನು ದಯವಿಟ್ಟು ಹೊಡೆದುಹಾಕಿ.

ಇನ್ನು ವಾದಕ್ಕೆ ಬರುತ್ತೇನೆ. ಜಿಐಎಸ್ ಎಂಬ ಕಂಪ್ಯೂಟರ್ ನಕ್ಷೆಯಲ್ಲಿ, ಪ್ರಾಚೀನರು ಸುತ್ತಲೂ ಕಲ್ಲು ಇಟ್ಟು ಮಾಡಿದ ಕಲ್ಲುವೃತ್ತಗಳಿಗೆ ಚುಕ್ಕೆ ಇಟ್ಟು, ಸುತ್ತ ಒಂದು ಕಿಲೋಮೀಟರಿನ ವರ್ತುಲ ಎಳೆದಿದ್ದೀರಿ. ಬಹುತೇಕ ಎಲ್ಲದರೊಳಗೂ ಕೆರೆ ಬಂದಿದೆ. ಆದ್ದರಿಂದ ನೀರು ನೋಡಿಯೇ ನೆಲೆ ನಿಂತರು ಎನ್ನುತ್ತೀರಿ. ನಮ್ಮ ಸೀಮೆಯಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೂ ಅದು ಯಾವುದೋ ಕೆರೆಯ ಆಸುಪಾಸಿನಲ್ಲೇ ಬೀಳುತ್ತದೆ! ತಾಲ್ಲೂಕಿನ ತುಂಬ ಯಾದೃಚ್ಛಿಕವಾಗಿ ಐನೂರು ಚುಕ್ಕೆ ಹಾಕಿ, ಅವುಗಳಿಂದಲೂ ಕೆರೆಗಿರುವ ದೂರ ಅಳೆಯಿರಿ. ಎರಡೂ ಲೆಕ್ಕ ಒಂದೇ ಆದರೆ ನಿಮ್ಮ ವಾದ ಅಲ್ಲಿಗೇ ಮುಗಿಯಿತು. ಆರಿಸಿದರು ಎನ್ನುವವರು ಅವರು ಏನನ್ನು ಬಿಟ್ಟರು ಎಂಬುದನ್ನೂ ತೋರಿಸಬೇಕು.

ಅದಕ್ಕಿಂತ ದೊಡ್ಡ ತೊಡಕು ಕಾಲದ್ದು. ಈ ಕಲ್ಲುವೃತ್ತಗಳಲ್ಲಿ ಬಹುಪಾಲು ಎರಡು ಸಾವಿರ ವರ್ಷಕ್ಕೂ ಹಿಂದಿನವು. ಕೆರೆಗೆ ಬಿತ್ತುವಟ್ಟ, ಅಂದರೆ ಕೆರೆ ಕಟ್ಟಿ ಕಾಪಾಡಲು ಕೊಟ್ಟ ಭೂಮಿ, ಬಿಟ್ಟ ಸಂಗತಿ ನಮ್ಮ ಶಾಸನಗಳಲ್ಲಿ ಕಾಣುವುದು ಗಂಗ, ನೊಳಂಬ ಅರಸರ ಕಾಲದಲ್ಲಿ, ಎಷ್ಟೋ ಶತಮಾನಗಳ ನಂತರ. ಆಗಿನ್ನೂ ಕಟ್ಟದ ಕೆರೆಯ ನೀರನ್ನು ಕಲ್ಲುವೃತ್ತದ ಜನ ಕುಡಿದದ್ದು ಹೇಗೆ? ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯ ಕರ್ನಾಟಿಕದ ತುಮಕೂರು ಸಂಪುಟವನ್ನು (1904) ಪಕ್ಕದಲ್ಲಿಟ್ಟುಕೊಂಡು, ಯಾವ ಕೆರೆ ಯಾವ ಕಾಲದ್ದೆಂದು ಆದಷ್ಟು ಗುರುತಿಸಿ. ಆಮೇಲೆ ದೊಣೆ (ಬಂಡೆಯಲ್ಲಿ ನೀರು ನಿಲ್ಲುವ ಕುಳಿ), ಹಳ್ಳ, ತಲಪರಿಗೆಗಳ ಕಡೆ ತಿರುಗಿ. ಮಧುಗಿರಿ, ಪಾವಗಡದವರಿಗೆ ತಲಪರಿಗೆ ಏನೆಂದು ನಾನು ಹೇಳಬೇಕಾಗಿಲ್ಲ. ಮರಳಿನಡಿಯಿಂದ ತಾನಾಗಿ ಉಕ್ಕುತ್ತಿದ್ದ ಆ ನೀರು ನಿಮ್ಮ ಲೇಖನದಲ್ಲಿ ಒಂದು ಸಾಲಿನಲ್ಲೂ ಇಲ್ಲವೆಂಬುದು ನನಗೆ ಸೋಜಿಗ. ನೀವು ಬಳಸಿದ, 2000ರಲ್ಲಿ ಬಾಹ್ಯಾಕಾಶ ನೌಕೆಯ ರಾಡಾರ್ ಅಳೆದ ನೆಲದೆತ್ತರದ ದತ್ತಾಂಶದಲ್ಲಿ ಒಂದು ಚೌಕದ ಬದಿಯೇ 30 ಮೀಟರ್. ಅದರಲ್ಲಿ ತಲಪರಿಗೆ ಕಾಣುವುದಿಲ್ಲ. ಹಳಬರನ್ನು ಕೇಳಿ, ನಡೆದು ಹೋಗಿ, ಬತ್ತಿದವನ್ನೂ ಗುರುತು ಹಾಕಿಕೊಳ್ಳಿ.

ಮತ್ತೊಂದು. ಕಲ್ಲುವೃತ್ತ ಸಮಾಧಿ, ಮನೆಯಲ್ಲ. ಸತ್ತವರಿಗೆ ಬಿಟ್ಟ ನೆಲವನ್ನು ನೀವು ಬದುಕಿದವರ ಊರೆಂದು ಓದಿದ್ದೀರಿ. ಉಳುಮೆಗೆ ಬಾರದ ಕಲ್ಲುನೆಲವನ್ನು ಹೂಳಲು ಮೀಸಲಿಟ್ಟು, ಮನೆಗಳನ್ನು ಬೇರೆಡೆ ಕಟ್ಟಿರಬಹುದು. ಬೂದಿಮಣ್ಣು, ಬೀಸುಕಲ್ಲಿನ ತುಂಡು, ದಟ್ಟವಾಗಿ ಬಿದ್ದ ಮಡಕೆ ಚೂರು ಎಲ್ಲಿದೆಯೋ ಅಲ್ಲಿಂದ ಅಳತೆ ಹಿಡಿಯಿರಿ.

ವರ್ತುಲವನ್ನೂ ಬಿಡಿ. ಪ್ರಾಚೀನ ನೆಲೆಗಳ ಸಂಶೋಧಕರಾದ ವಿಟಾ-ಫಿನ್ಸಿ ಮತ್ತು ಹಿಗ್ಸ್, ಜನ ತಮ್ಮ ನೆಲೆಯಿಂದ ಎಷ್ಟು ದೂರ ಹೋಗುತ್ತಿದ್ದರೆಂದು 1970ರಲ್ಲಿಯೇ ನಡಿಗೆಯ ಹೊತ್ತಿನಿಂದ ಲೆಕ್ಕ ಹಾಕಿದ್ದರು: ಬೇಸಾಯಗಾರರಿಗೆ ಒಂದು ಗಂಟೆ, ಬೇಟೆಗಾರರಿಗೆ ಎರಡು. ಮಧುಗಿರಿ ಬೆಟ್ಟದ ಬುಡದಲ್ಲಿ ನಿಂತವರಿಗೆ ಒಂದು ಕಿಲೋಮೀಟರ್ ಎಲ್ಲ ದಿಕ್ಕಿಗೂ ಒಂದೇ ಅಲ್ಲವಷ್ಟೆ.

ನಿಮ್ಮ ಚುಕ್ಕೆಗಳು ಡಾಂಬರು ರಸ್ತೆಯ ಉದ್ದಕ್ಕೂ ಸಾಲುಗಟ್ಟಿರುವುದನ್ನು ಗಮನಿಸಿದಿರಾ? ಅದು ಬೈಕ್ ಹೋಗುವ ದಾರಿ, ಪೂರ್ವಿಕರ ಇಷ್ಟವಲ್ಲ. ಎಲ್ಲೆಲ್ಲಿ ಹುಡುಕಿದಿರಿ, ಎಲ್ಲಿ ಹುಡುಕಲೇ ಇಲ್ಲ ಎಂಬುದನ್ನು ಲೇಖನದಲ್ಲಿ ಬರೆಯಿರಿ.

ಅಕ್ಷಾಂಶ, ರೇಖಾಂಶ ಮಾತ್ರ ಅಚ್ಚಿಗೆ ಬೇಡ. ನಿಧಿಯ ಆಸೆಯವರು ಗುದ್ದಲಿ ಹಿಡಿದು ಹೊರಡುತ್ತಾರೆ. ಹೋಬಳಿಯ ಹೆಸರು ಸಾಕು. ತಲಪರಿಗೆಗಳ ಪಟ್ಟಿ ಸಿದ್ಧವಾದ ಮೇಲೆ ಕಳಿಸಿ, ಸಾವಿರದೈನೂರು ಪದ ಮೀರದಿರಲಿ.

— ಸಂಪಾದಕ, ತುಮಕೂರು